ಕರುಳು ಕತ್ತರಿಸಲು ಹಣವಿದೆ, ಉಳಿಸಲು ಇಲ್ಲ

ಕ್ರೋನ್ಸ್ ಕಾಯಿಲೆಯಲ್ಲಿ ಕರುಳು ಕಿರಿದಾಗಿ ಮುಚ್ಚಿಕೊಂಡರೆ, ಆ ಭಾಗವನ್ನು ಕತ್ತರಿಸಿ ತೆಗೆಯುವ ಖರ್ಚನ್ನು ಆರೋಗ್ಯ ವಿಮೆ ಭರಿಸುತ್ತದೆ. ಅಲ್ಲಿಗೆ ಹೋಗದಂತೆ ತಡೆಯಲು ಎರಡು ವಾರಕ್ಕೊಮ್ಮೆ ಮನೆಯಲ್ಲೇ ಚುಚ್ಚಿಕೊಳ್ಳುವ ಅಡಾಲಿಮುಮ್ಯಾಬ್‌ಗೆ ಮಾತ್ರ ಬಹುತೇಕ ಪಾಲಿಸಿಗಳು ಕಾಸು ಬಿಚ್ಚುವುದಿಲ್ಲ. ಅಡಾಲಿಮುಮ್ಯಾಬ್‌ನಂಥ ಮೊನೊಕ್ಲೋನಲ್ ಆಂಟಿಬಾಡಿ ಚುಚ್ಚುಮದ್ದನ್ನು ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲೇ ಹೇಳಿದೆ, ನಿಜ. ಆದರೆ ಅದು ಆಸ್ಪತ್ರೆಯಲ್ಲಿ, ಒಳರೋಗಿಯಾಗಿಯೋ ಡೇ ಕೇರ್‌ನಲ್ಲೋ ಪಡೆದ ಚಿಕಿತ್ಸೆಗೆ. ಹೀಗಾಗಿ ಯಾವ ಔಷಧ ಎಂಬುದನ್ನು ರೋಗದ ಲಕ್ಷಣಕ್ಕಿಂತ ಕ್ಲೇಮು ಪಾಸಾಗುವುದೋ ಇಲ್ಲವೋ ಎಂಬುದೇ ತೀರ್ಮಾನಿಸುವಂತಾಗಿದೆ. ಆಸ್ಪತ್ರೆಯ ಚುಚ್ಚುಮದ್ದಿಗೂ ಮನೆಯದಕ್ಕೂ ದಾರಿಯಿಲ್ಲದವರಿಗೆ ಸ್ಟಿರಾಯ್ಡ್ ಮಾತ್ರೆ. ಇದನ್ನು ಒಪ್ಪಲಾಗದು.

ಅಗ್ಗದ ಮಾತ್ರೆಯಿಂದ ಆರಂಭಿಸಿ, ಫಲಿಸದಿದ್ದರೆ ಮೇಲಕ್ಕೆ ಹೋಗೋಣ ಎಂಬ ವಾದ ಇನ್ನು ನಿಲ್ಲುವುದಿಲ್ಲ. ಬ್ರಿಟನ್ನಿನ ಪ್ರೊಫೈಲ್ ಪ್ರಯೋಗ, ಹೊಸದಾಗಿ ಕ್ರೋನ್ಸ್ ಪತ್ತೆಯಾದ 386 ಮಂದಿಯನ್ನು ಎರಡು ಗುಂಪು ಮಾಡಿ 48 ವಾರ ಗಮನಿಸಿತು. ಮೊದಲಿಗೇ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹನಿಸುವ ಇನ್‌ಫ್ಲಿಕ್ಸಿಮ್ಯಾಬ್ ಮತ್ತು ರೋಗನಿರೋಧಕ ಶಕ್ತಿಯನ್ನು ಹದಗೊಳಿಸುವ ಮದ್ದು (ಇಮ್ಯುನೊಮಾಡ್ಯುಲೇಟರ್) ಜೊತೆಯಾಗಿ ಪಡೆದವರಲ್ಲಿ 79% ಮಂದಿ ಸ್ಟಿರಾಯ್ಡ್, ಶಸ್ತ್ರಚಿಕಿತ್ಸೆಗಳ ಗೊಡವೆಯಿಲ್ಲದೆ ಹತೋಟಿಯಲ್ಲಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಏರಿದವರಲ್ಲಿ 15%. ಫಲಿತಾಂಶ ಪ್ರಕಟವಾದದ್ದು 2024ರಲ್ಲಿ. ಕಾಯುವಾಗ ಹಾಳಾದ ಕರುಳು ಆಮೇಲಿನ ಔಷಧದಿಂದ ಮೊದಲಿನಂತಾಗುವುದಿಲ್ಲ.

ಕ್ಷಯ ಇಷ್ಟೊಂದಿರುವ ದೇಶದಲ್ಲಿ ಇಂಥ ಔಷಧಕ್ಕೆ ಅವಸರ ಬೇಡ ಎನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ದೇಹ ಕ್ಷಯದ ರೋಗಾಣುಗಳ ಸುತ್ತ ಕಟ್ಟಿಟ್ಟ ಗೋಡೆಯನ್ನು, ಉರಿಯೂತ ಹುಟ್ಟಿಸುವ ಪ್ರೋಟೀನಾದ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್‌ಗಳು ಸಡಿಲಿಸುತ್ತವೆ. ಕರುಳಿನ ಕ್ಷಯವೇ ಕ್ರೋನ್ಸ್‌ನಂತೆ ಕಾಣುವುದೂ ಉಂಟು. ಆದರೆ ತಿಂಗಳುಗಟ್ಟಲೆ ನುಂಗಿಸುವ ಸ್ಟಿರಾಯ್ಡ್ ಕೂಡ ಮಲಗಿದ ಕ್ಷಯವನ್ನು ಎಬ್ಬಿಸುತ್ತದಲ್ಲ! ಅಪಾಯವಿದೆಯೆಂದರೆ ಮೊದಲೇ ಕ್ಷಯದ ಪರೀಕ್ಷೆ ಮಾಡಿ, ಸರಿಯಾದುದನ್ನು ಆರಿಸಬೇಕು. ಇನ್ನೊಂದು ಔಷಧ ವೆಡೊಲಿಜುಮ್ಯಾಬ್ ಮುಖ್ಯವಾಗಿ ಕರುಳಿಗೆ ನುಗ್ಗುವ ರೋಗನಿರೋಧಕ ಕಣಗಳನ್ನಷ್ಟೇ ತಡೆಯುತ್ತದೆ; ಹಾಗಾಗಿ ಕ್ಷಯ ಕೆರಳಿಸುವ ಅಪಾಯ ಕಡಿಮೆ. ದೊಡ್ಡ ಕರುಳಿನ ಉರಿಯೂತವಾದ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಅದನ್ನೂ ಅಡಾಲಿಮುಮ್ಯಾಬನ್ನೂ ನೇರವಾಗಿ ಹೋಲಿಸಿದ 2019ರ ವಾರ್ಸಿಟಿ ಪ್ರಯೋಗದಲ್ಲಿ, ವರ್ಷದ ಕೊನೆಗೆ ರೋಗ ತಹಬಂದಿಗೆ ಬಂದದ್ದು ವೆಡೊಲಿಜುಮ್ಯಾಬ್ ಪಡೆದವರಲ್ಲಿ 31.3% ಮಂದಿಗೆ, ಅಡಾಲಿಮುಮ್ಯಾಬ್ ಪಡೆದವರಲ್ಲಿ 22.5%. ಕ್ಷಯದ ಭೀತಿಯಿರುವ ಕೊಲೈಟಿಸ್ ರೋಗಿಗೆ ಈ ಔಷಧ ಕೊಡುವುದು ಐಷಾರಾಮವೇನಲ್ಲ.

ದುಬಾರಿ ಎಂಬ ಮಾತೊಂದು ಉಳಿಯಿತು. ಅಡಾಲಿಮುಮ್ಯಾಬ್‌ನ ಮೊದಲ ಬಯೋಸಿಮಿಲರನ್ನು, ಅಂದರೆ ಅದರ ತದ್ರೂಪಿ ಔಷಧವನ್ನು, 2014ರಲ್ಲಿ ಮಾರುಕಟ್ಟೆಗೆ ತಂದದ್ದು ನಮ್ಮ ದೇಶದ ಜೈಡಸ್ ಕಂಪನಿ. ತಯಾರಿಸುವ ಸಾಮರ್ಥ್ಯ ಇಲ್ಲಿದೆ. ಸರ್ಕಾರ ಸಗಟಾಗಿ ಖರೀದಿಸಿ ಜಿಲ್ಲಾ ಆಸ್ಪತ್ರೆಗಳಿಗೆ ತಲುಪಿಸಲಿ. ಐಆರ್‌ಡಿಎಐ ತನ್ನ ನಿಯಮವನ್ನು ಮನೆಯಲ್ಲಿ ಪಡೆಯುವ ಚುಚ್ಚುಮದ್ದಿಗೂ ವಿಸ್ತರಿಸಲಿ, ಉಪಮಿತಿಗಳ ಹೆಸರಲ್ಲಿ ವಿಮಾ ಕಂಪನಿಗಳು ಅದನ್ನು ಮೊಟಕುಗೊಳಿಸಲು ಬಿಡದಿರಲಿ.