ಹಾಲಿನ ಪ್ರೋತ್ಸಾಹಧನ: ಡೇರಿಗೆ ಬಾರದ ಹಾಲಿನ ಲೆಕ್ಕ

ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುವುದು ನಮ್ಮ ಕರಾವಳಿಯ ಹಳ್ಳಿಗಳಲ್ಲಿ ವಾಡಿಕೆಯ ಸಂಗತಿ. ಕುಲಶೇಖರದ ಒಕ್ಕೂಟಕ್ಕೆ ಹಾಲು ಹಾಕುವ ಮನೆಗಳು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿವೆ. ಆದುದರಿಂದ ಲೀಟರಿಗೆ ಇಷ್ಟು ಎಂದು ಸರಕಾರ ಕೊಡುವ ಪ್ರೋತ್ಸಾಹಧನ ರಾಜ್ಯದ ಎಲ್ಲ ಹೈನುಗಾರರಿಗೂ ತಲಪುತ್ತದೆ ಎಂದು ನಾವು ಭಾವಿಸುವುದು ಸಹಜ. ಘಟ್ಟದ ಮೇಲೆ, ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳತ್ತ ನೋಡಿದರೆ ಚಿತ್ರ ಬೇರೆ.

ಈ ಯೋಜನೆ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಯಿತು. 2013ರಲ್ಲಿ ಅದು 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. 7 ರೂಪಾಯಿ ಮಾಡುವ ಭರವಸೆಯನ್ನು 2023ರ ಚುನಾವಣೆಯಲ್ಲಿ ಕಾಂಗ್ರೆಸ್ ನೀಡಿತ್ತು. ಚರ್ಚೆಯೆಲ್ಲ ಈ ಮೊತ್ತದ ಸುತ್ತಲೇ ನಡೆಯುತ್ತದೆ. ಆದರೆ ಮೂಲ ಷರತ್ತಿನ ಬಗ್ಗೆ ಮಾತಿಲ್ಲ: ಸಹಕಾರ ಸಂಘದ ಕ್ಯಾನಿಗೆ ಬಿದ್ದ ಹಾಲಿಗೆ ಮಾತ್ರ ಈ ಹಣ.

ಬೆಳಗಾವಿ ಸೀಮೆಯಲ್ಲಿ ಎಮ್ಮೆ ಹಾಲಿಗೆ ಬೇರೆ ಗಿರಾಕಿಗಳೂ ಇದ್ದಾರೆ. ಮನೆ ಬಾಗಿಲಿಗೆ ಬಂದು ಹಾಲು ಒಯ್ಯುವ ಗೌಳಿಗರು, ಖಾಸಗಿ ಡೇರಿಗಳು, ಹೋಟೆಲುಗಳು, ಕುಂದಾ ಮಾಡುವವರು. ಎಮ್ಮೆ ಕೊಳ್ಳಲು ಅಥವಾ ಮನೆಯ ಕಷ್ಟಕ್ಕೆ ಮುಂಗಡ ಕೊಟ್ಟವರಿಗೇ ಹಾಲು ಹಾಕಬೇಕಾದ ಸ್ಥಿತಿಯೂ ಉಂಟು. ಸಾಲದ ಹಂಗಿನಲ್ಲಿರುವ ಬಡವನ ಹಾಲು ಸಂಘಕ್ಕೆ ಬರುವುದಿಲ್ಲ, ಸರಕಾರದ ಹಣವೂ ಅವನ ಮನೆಗೆ ಹೋಗುವುದಿಲ್ಲ. ನೆರವು ಯಾರಿಗೆ ಹೆಚ್ಚು ಬೇಕೋ ಅವರೇ ಪಟ್ಟಿಯ ಹೊರಗೆ ಉಳಿಯುತ್ತಾರೆ.

ಸಂಘಕ್ಕೆ ಹಾಕುವವರ ತೊಂದರೆ ಇನ್ನೊಂದು ಬಗೆಯದು. ಹಾಲಿನ ಬಿಲ್ಲು ವಾರಕ್ಕೋ ಹದಿನೈದು ದಿನಕ್ಕೋ ಕೈಸೇರುತ್ತದೆ. ಪ್ರೋತ್ಸಾಹಧನ ಹಾಗಲ್ಲ. ಸಂಘ ಲೆಕ್ಕ ಕೊಡಬೇಕು, ಒಕ್ಕೂಟ ಅದನ್ನು ದಾಟಿಸಬೇಕು, ಖಜಾನೆಯಿಂದ ಹಣ ಬಿಡುಗಡೆಯಾಗಬೇಕು, ಆಧಾರ್ ಜೋಡಿಸಿದ ಖಾತೆ ಸರಿಯಿರಬೇಕು. ತಿಂಗಳುಗಟ್ಟಲೆ ಬಾಕಿ ಉಳಿದ ಸುದ್ದಿ ರಾಜ್ಯಕ್ಕೆ ಹೊಸದಲ್ಲ. ದಿನಕ್ಕೆ 6 ಲೀಟರ್ ಹಾಕುವ ಮನೆಗೆ ತಿಂಗಳಿಗೆ 900 ರೂಪಾಯಿ. ಐದು ತಿಂಗಳು ತಡವಾದರೆ 4,500. ಹಿಂಡಿಯ ಅಂಗಡಿಯವನು ಅಷ್ಟು ದಿನ ಕಾಯುವನೇ? 2025ರ ಏಪ್ರಿಲ್ 1ರಿಂದ ಮಾರಾಟ ದರ ಲೀಟರಿಗೆ 4 ರೂಪಾಯಿ ಏರಿದಾಗ ಅದನ್ನು ಉತ್ಪಾದಕರಿಗೇ ಕೊಡುವುದಾಗಿ ಸರಕಾರ ಹೇಳಿತು. ಬಿಲ್ಲಿನಲ್ಲೇ ಬರುವ 4 ರೂಪಾಯಿ, ಎಂದೋ ಬರುವ 5 ರೂಪಾಯಿಗಿಂತ ಮೇಲು ಎಂದು ರೈತ ಹೇಳಿದರೆ ತಪ್ಪೇನಿಲ್ಲ.

ಹವಾಮಾನದ ಮಾತೂ ಇದೆ. ಕಿತ್ತೂರಿನ ಕಡೆ ಮಲೆನಾಡಿನ ಸೆರಗು, ಹಸಿರು ಮೇವು ಸಿಗುತ್ತದೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಇದ್ದರೂ ಕಾಲುವೆಯಿಂದ ದೂರದ ಹೊಲಗಳಿಗೆ ಮಳೆಯೇ ಗತಿ. ರಾಮದುರ್ಗ 2019ರ ಆಗಸ್ಟಿನಲ್ಲಿ ಅದೇ ನದಿಯ ನೆರೆ ಕಂಡಿತು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಬರದಲ್ಲಿ ಮೇವಿನ ಬೆಲೆ ಏರುತ್ತದೆ, ಹಾಲು ಇಳಿಯುತ್ತದೆ. ಲೀಟರಿನ ಲೆಕ್ಕದ ಸಹಾಯಧನ ಆಗಲೇ ಕಡಿಮೆಯಾಗುತ್ತದೆ! ರಾಸಿನ ಲೆಕ್ಕದಲ್ಲಿ ಬರಗಾಲದ ಮೇವಿನ ನೆರವು ಜೊತೆಗಿಲ್ಲದಿದ್ದರೆ 5 ಅನ್ನು 7 ಮಾಡಿದರೂ ರಾಮದುರ್ಗದವರಿಗೆ ದೊಡ್ಡ ಉಪಕಾರವಾಗದು.

ಸಗಣಿ ಬಾಚುವುದು, ಮೇವು ಹೊರುವುದು, ಕರೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಸಂಘದ ಸದಸ್ಯತ್ವ, ಖಾತೆ ಎಷ್ಟೋ ಕಡೆ ಗಂಡಸರ ಹೆಸರಿನಲ್ಲಿ. ಮಹಿಳಾ ಹಾಲು ಸಂಘಗಳಿರುವಲ್ಲಿ ಹಣ ಆಕೆಯ ಖಾತೆಗೇ ಬೀಳುತ್ತದೆ. ಸ್ವಸಹಾಯ ಗುಂಪುಗಳಲ್ಲಿ ದುಡಿಯುವ ನಮ್ಮ ಕಾರ್ಯಕರ್ತರು ಘಟ್ಟದ ಮೇಲಾಗಲಿ ಕೆಳಗಾಗಲಿ ಮೊದಲು ಕೇಳಬೇಕಾದ ಪ್ರಶ್ನೆ, ಪಾಸ್‌ಬುಕ್ಕಿನ ಮೇಲೆ ಯಾರ ಹೆಸರಿದೆ ಎಂಬುದು.