ಕಾರ್ಯಕ್ರಮ ಕಾಯಲಿ, ನಿದ್ರೆ ಕೆಡದಿರಲಿ

1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಪ್ರಸಾರವಾಗತೊಡಗಿದಾಗ ಭಾನುವಾರದ ಬೆಳಗ್ಗೆ ನಗರಗಳ ಬೀದಿಗಳು ಬರಿದಾಗುತ್ತಿದ್ದವು. ಪ್ರಸಾರದ ವೇಳೆಯೇ ವೀಕ್ಷಕರ ವೇಳೆಯಾಗಿತ್ತು. ಈ ಅಧೀನತೆಯನ್ನು ಸಡಿಲಿಸಿದುದು ವಿಡಿಯೋ ಕ್ಯಾಸೆಟ್. ಅನಂತರ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ನ್ಯಾಯಸಮ್ಮತವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿಯೇ ತೀರ್ಪಿತ್ತಿತ್ತು. 1999ರಲ್ಲಿ ಅಲ್ಲಿ ಮಾರಾಟಕ್ಕೆ ಬಂದ ಟಿವೋ ಯಂತ್ರವು ಟೇಪಿನ ಬದಲು ಹಾರ್ಡ್ ಡಿಸ್ಕನ್ನು ಬಳಸಿತು. ಮುದ್ರಣ ಮುಗಿಯುವ ಮೊದಲೇ ಆರಂಭದಿಂದ ನೋಡುವುದು ಸಾಧ್ಯವಾಯಿತು.

ಲೋಕಲ್ ರೈಲಿನಲ್ಲಿ ದಣಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಮುಂಬಯಿ ಕನ್ನಡಿಗರಿಗೆ, ಚಂದನ ವಾಹಿನಿಯ ಸಂಜೆಯ ಕಾರ್ಯಕ್ರಮವನ್ನು ಕಾದಿರಿಸುವ ಇಂಥ ಯಂತ್ರ ವರವೇ ಸರಿ. ಆದರೆ ಕಾದಿರಿಸಿದ್ದನ್ನೆಲ್ಲ ಅಂದೇ ನಡುರಾತ್ರಿಯವರೆಗೆ ನೋಡಿ ಮುಗಿಸಿದರೆ ಅನುಕೂಲವೆಲ್ಲಿ ಉಳಿಯಿತು? ವಯಸ್ಕರಿಗೆ ದಿನಕ್ಕೆ ಏಳು ಗಂಟೆಗಳ ನಿದ್ರೆಯಾದರೂ ಬೇಕೆಂಬುದು ವೈದ್ಯರ ಮತ. ಕಾರ್ಯಕ್ರಮವನ್ನು ನಾಳೆಗೆ ಮುಂದೂಡಬಹುದು. ಕಳೆದ ನಿದ್ರೆಯನ್ನು ಯಾವ ಪೆಟ್ಟಿಗೆಯೂ ಮುದ್ರಿಸಿಡಲಾರದು.

ಆದುದರಿಂದ ಮುದ್ರಿಸಿದುದರಲ್ಲಿ ಯೋಗ್ಯವಾದುದನ್ನಷ್ಟೇ ಆರಿಸಿ, ರಜೆಯ ಹಗಲಿನಲ್ಲಿ ಮನೆಮಂದಿಯೆಲ್ಲ ಕೂಡಿ ನೋಡುವುದು ಲೇಸು. ಹೊರನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ತಿಳಿಯದ ಕನ್ನಡದ ಮಾತು ಬಂದಲ್ಲಿ ಯಂತ್ರವನ್ನು ನಿಲ್ಲಿಸಿ ಅರ್ಥ ಹೇಳಬಹುದು. ಹಳೆಯ ಪ್ರಸಾರಕ್ಕೆ ಈ ತಾಳ್ಮೆಯಿರಲಿಲ್ಲ. ಯಂತ್ರವು ನಮಗೆ ಕೊಟ್ಟಿರುವ ನಿಜವಾದ ಸ್ವಾತಂತ್ರ್ಯವೆಂದರೆ ಇದೇ. ಉಳಿದುದನ್ನು ಅಳಿಸಿಹಾಕಲು ಸಂಕೋಚ ಬೇಡ.