ಮುಳ್ಳಿಗೆ ಕಿವಿಯಿಲ್ಲ

‘ಜನಪದ ಹಾಡುಗಾರರಿಗೆ ಭಾವ ಇದೆ, ಶ್ರುತಿ ಇಲ್ಲ.’ ಈ ಮಾತನ್ನು ಸ್ಪರ್ಧೆಗಳ ತೀರ್ಪುಗಾರರಿಂದ ಹಿಡಿದು ಸೆಮಿನಾರುಗಳವರೆಗೆ ಕೇಳಿ ಕೇಳಿ ಸಾಕಾಗಿದೆ. ಈಗ ಅದಕ್ಕೆ ಮೊಬೈಲಿನ ಬೆಂಬಲವೂ ಸಿಕ್ಕಿದೆ. ಟ್ಯೂನರ್ ಆ್ಯಪ್ ತೆರೆದು ಹಿಡಿದರೆ ಆಯಿತು. ಮುಳ್ಳು ನಡುವೆ ನಿಂತರೆ ಹಸಿರು, ಸರಿದರೆ ಕೆಂಪು. ಹಿರಿಯೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ವಿದ್ಯಾರ್ಥಿನಿ ಈಚೆಗೆ ಕಾಲೇಜು ಸ್ಪರ್ಧೆಯೊಂದರಲ್ಲಿ ಸೋಬಾನೆ ಹಾಡಿದಾಗ ಆದದ್ದೂ ಇದೇ. ‘ಶ್ರುತಿ ನಿಲ್ಲುತ್ತಿಲ್ಲ’ ಎಂದು ಅಂಕ ಕಳೆದರು. ಯಾವ ಶ್ರುತಿ ಎಂದು ಯಾರೂ ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ.

ತಾನು ಶ್ರುತಿಯಲ್ಲಿದ್ದೇನೆಂದು ಹಾಡುವವರಿಗೆ ಗೊತ್ತಾಗುವುದು ಹೇಗೆ? ತಂಬೂರಿ ಹಿಡಿದು ಕೂತವರನ್ನು ಕೇಳಿ. ತಂತಿಯ ಷಡ್ಜ 240ರಲ್ಲಿ ಕಂಪಿಸುವಾಗ ಕಂಠ 243ರಲ್ಲಿದ್ದರೆ ನಾದ ಸೆಕೆಂಡಿಗೆ ಮೂರು ಸಲ ಉಬ್ಬಿ ಇಳಿಯುತ್ತದೆ. ಕಂಠ ಹತ್ತಿರವಾದಂತೆ ಆ ಅಲೆ ನಿಧಾನವಾಗುತ್ತದೆ, ಕೂಡಿದಾಗ ಅಡಗುತ್ತದೆ. ಎರಡು ದನಿ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತವೆ ಎಂದು ತಿಳಿಯದಂತಾಗುವುದೇ ಗುರುತು. ಅಂದರೆ ಶ್ರುತಿ ಒಂದು ಸಂಖ್ಯೆಯಲ್ಲ, ಸಂಬಂಧ.

ಆ್ಯಪಿಗೆ ಈ ಸಂಬಂಧ ಕೇಳಿಸುವುದಿಲ್ಲ. ಸಾಮಾನ್ಯವಾಗಿ ಅದು 440ರ ಒಂದು ಸ್ವರವನ್ನು ಆಧಾರವಾಗಿಟ್ಟುಕೊಂಡು, ಸ್ಥಾಯಿಯನ್ನು ಕೀಬೋರ್ಡಿನಂತೆ ಹನ್ನೆರಡು ಸಮಪಾಲು ಮಾಡುತ್ತದೆ. ಸ್ಥಾಯಿಯನ್ನು 1200 ಸೆಂಟ್‌ಗಳೆಂದು ಎಣಿಸಿದರೆ ಕೀಬೋರ್ಡಿನ ಅಂತರ ಗಾಂಧಾರ 400ರಲ್ಲಿರುತ್ತದೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ ಗಾಂಧಾರ ಸುಮಾರು 386ರಲ್ಲಿ. ಅದಕ್ಕೆ ಕೂಡಿಸಿ ಹಾಡಿದವರನ್ನು ಮುಳ್ಳು ‘ತಗ್ಗು’ ಎನ್ನುತ್ತದೆ. ಇಲ್ಲಿ ತಪ್ಪು ಯಾರದು?

ಹಟ್ಟಿಗಳಲ್ಲಿ ತಂಬೂರಿ ಇಲ್ಲ, ನಿಜ. ಆದರೆ ಆಧಾರ ಇದೆ. ಜುಂಜಪ್ಪನ ಪದಗಳ ಜೊತೆ ಊದುವ ಗಣೆಗೆ ಆ ಬಿದಿರಿನ ಉದ್ದ, ಒಳಗಿನ ಟೊಳ್ಳು ಕೊಟ್ಟದ್ದೇ ಶ್ರುತಿ. ಸೋಬಾನೆಯಲ್ಲಿ ಮುಂದಿನವರು ಸಾಲು ಹೇಳುತ್ತಾರೆ, ಹಿಂದಿನವರು ಸೊಲ್ಲು ಹಿಡಿಯುತ್ತಾರೆ. ಒಬ್ಬರ ದನಿಗೆ ಇನ್ನೊಬ್ಬರದೇ ತಂಬೂರಿ. ಪಕ್ಕವಾದ್ಯವಿಲ್ಲದ ದೀರ್ಘ ಹಾಡಿನಲ್ಲಿ ಇಡೀ ಗುಂಪು ನಿಧಾನಕ್ಕೆ ಮೇಲೇರಬಹುದು. ಎಲ್ಲರೂ ಕೂಡಿಯೇ ಏರುತ್ತಾರೆ, ಸ್ವರಗಳ ನಡುವಿನ ಅಂತರ ಕೆಡುವುದಿಲ್ಲ. ಆ್ಯಪಿಗೆ ಮಾತ್ರ ಆಗ ಎಲ್ಲವೂ ಕೆಂಪು. ಆ ಹುಡುಗಿಯನ್ನು ಸಂಗಡಿಗರಿಂದ ಬಿಡಿಸಿ ಒಂಟಿಯಾಗಿ ವೇದಿಕೆಗೆ ಹತ್ತಿಸಿ, ಆಕೆ ಆರಿಸದ ಮನೆಯಲ್ಲಿ ಕೀಬೋರ್ಡ್ ಬಾರಿಸಿದರೆ, ಪರೀಕ್ಷೆಯಾಗುವುದು ಆಕೆಯ ಕಿವಿಯಲ್ಲ.

‘ಹಾಗಾದರೆ ಜನಪದದಲ್ಲಿ ಅಪಸ್ವರವೇ ಇಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಇದೆ. ‘ಹೇಗೆ ಹಾಡಿದರೂ ಚೆಂದ’ ಎನ್ನುವ ಮೆಚ್ಚುಗೆಯೂ ಅವಮಾನವೇ. ಅದು ಹಾಡುವವರ ಕಿವಿಯನ್ನೇ ಅಲ್ಲಗಳೆಯುತ್ತದೆ. ಸೊಲ್ಲು ಹಿಡಿದವರಲ್ಲಿ ಒಬ್ಬಳು ಜಾರಿದರೆ ಪಕ್ಕದವಳು ದನಿ ಎತ್ತಿ ಅವಳನ್ನು ದಾರಿಗೆ ತರುವುದನ್ನು ಕ್ಷೇತ್ರಕಾರ್ಯದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಕೆಲವರು ಕಿವಿಗೆ ಅಂಗೈ ಮರೆಮಾಡಿ ಹಾಡುತ್ತಾರೆ. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುವುದರಿಂದ ಹೊರಗಿನವರು ಕೇಳುವ ದನಿ ನಮಗೆ ಪೂರ್ತಿ ಸಿಗುವುದಿಲ್ಲ. ಅಂಗೈ ಅದನ್ನು ಕಿವಿಗೆ ತಿರುಗಿಸಿ ಕೊಡುತ್ತದೆ. ಪಾಠಶಾಲೆ ಇಲ್ಲದಿರಬಹುದು, ಪರೀಕ್ಷೆಯಂತೂ ಇದೆ.

ಇನ್ನೊಂದು ಹಳೆಯ ಕತೆ ನೆನಪಿಸಬೇಕು. ಕೀಲಿಗಳ ಸ್ವರ ಸ್ಥಿರ, ಗಮಕ ನುಡಿಯದು ಎಂಬ ಆಕ್ಷೇಪದಿಂದ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ನಿಷೇಧ ಸರಿಯೋ ತಪ್ಪೋ, ಆ ಮಾತು ಬೇರೆ. ಶಾಸ್ತ್ರೀಯ ಸಂಗೀತದ ಸೂಕ್ಷ್ಮ ಸ್ವರ ಕೆಡುತ್ತದೆಂದು ಮೂವತ್ತು ವರ್ಷ ಹೊರಗಿಟ್ಟ ಆ ಸ್ಥಿರ ಕೀಲಿಗಳೇ ಹಟ್ಟಿಯ ಹಾಡಿಗೆ ನ್ಯಾಯಾಧೀಶರಾಗಿ ಕೂರುವುದು ಯಾವ ನ್ಯಾಯ? ಸೂಕ್ಷ್ಮತೆ ಎನ್ನುವುದು ಒಂದು ವರ್ಗದ ಸ್ವತ್ತೇ?

ಜಾನಪದ ಅಧ್ಯಯನ ಮಾಡುವ ನಾವೂ ಇದರಲ್ಲಿ ಪಾಲುದಾರರು. ಹಾಡನ್ನು ಅಕ್ಷರಕ್ಕಿಳಿಸಿದಾಗ ಪದ ಉಳಿಯುತ್ತದೆ, ಮಟ್ಟು ಹೋಗುತ್ತದೆ. ಸಾಲುಗಳಿಗೆ ಪುಟಗಟ್ಟಲೆ ಟಿಪ್ಪಣಿ ಬರೆಯುವ ನಾವು ಸ್ವರದ ಬಗ್ಗೆ ಒಂದು ಪ್ಯಾರಾ ಬರೆಯುವುದಿಲ್ಲ. ಆ ಖಾಲಿ ಜಾಗದಲ್ಲಿ ಆ್ಯಪ್ ಬಂದು ಕೂತಿದೆ.

ಕೇಳುವುದು ಹೆಚ್ಚೇನಲ್ಲ. ಸೋಬಾನೆ ಹಾಡುವವರಿಗೆ ಸೊಲ್ಲು ಹಿಡಿಯುವ ಇಬ್ಬರನ್ನಾದರೂ ಬಿಡಿ. ಶ್ರುತಿಯನ್ನು ಅವರೇ ಆರಿಸಲಿ, ಕೀಬೋರ್ಡ್ ಸುಮ್ಮನಿರಲಿ. ಅನುಮಾನವಿದ್ದರೆ ಅದೇ ಮೊಬೈಲಿನಲ್ಲಿ ಹಾಡನ್ನು ದಾಖಲಿಸಿ, ಪರದೆ ಆರಿಸಿ, ಮತ್ತೊಮ್ಮೆ ಕೇಳಿ. ತೀರ್ಪು ಕೊಡಲು ಕೂತವರಿಗೆ ಕಿವಿಯಿದೆ ಎಂದು ನಂಬಿಯೇ ಈ ಮಾತು ಹೇಳುತ್ತಿದ್ದೇನೆ.